ಇಂಚರಳ ಎರಡು ಹಾಲುಹಲ್ಲು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಕ್ಷಮಿಸಿ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಮಾತೂ ಕಡಿಮೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಜರಗನಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ರುದ್ರಮ್ಮಜ್ಜಿ. ಇಂಚರ ಅವರ ಮೊಮ್ಮಗಳು. ಹದಿನಾಲ್ಕು ತುಂಬಿದರೂ ಅವಳ ಮುಂದಿನ ದೊಡ್ಡ ಹಲ್ಲುಗಳ ಅಕ್ಕಪಕ್ಕ ಅಕ್ಕಿಕಾಳಿನಂಥ ಎರಡು ಹಾಲುಹಲ್ಲು ಹಾಗೇ ಕೂತಿದ್ದವು. ಜೆ.ಪಿ. ನಗರದ ಹಲ್ಲಿನ ಡಾಕ್ಟರ್ ಎಕ್ಸ್‌ರೇ ತೆಗೆದು ಅವಳ ಅಮ್ಮ ಶ್ರೀದೇವಿ ಆಂಟಿಗೆ ಬಿಡಿಸಿ ಹೇಳಿದ್ದರು. "ಆ ಜಾಗದ ಹಲ್ಲು ಇವಳಿಗೆ ಹುಟ್ಟಿನಿಂದಲೇ ಇಲ್ಲ. ಈ ಹಾಲುಹಲ್ಲು ಜೋಪಾನ ಮಾಡಿ. ಹದಿನೆಂಟು ದಾಟಿ ದವಡೆ ಬೆಳೆದು ನಿಲ್ಲಲಿ, ಆಮೇಲೆ ಖಾಯಂ ಹಲ್ಲು ಕೂರಿಸೋಣ." ಅಂದಿನಿಂದ ಇಂಚರ ಸೌತೆಕಾಯಿಯನ್ನೂ ತುರಿದೇ ತಿನ್ನುತ್ತಿದ್ದಳು.

ಅಜ್ಜಿ ನಂಬಲಿಲ್ಲ. "ಹಳೇ ಬಾಡಿಗೆಯೋರು ಖಾಲಿ ಮಾಡ್ದೆ ಹೊಸಬರು ಎಲ್ಲಿಂದ ಬರ್ತಾರೆ? ಕಿತ್ರೆ ತಾನೇ ಬರುತ್ತೆ."

ಶ್ರೀದೇವಿ ಆಂಟಿ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅಜ್ಜಿ ದಾರ ಹಿಡಿದು ಕೂತರು. ಮೊಬೈಲ್ ಟಾರ್ಚ್ ಹಿಡಿಯಲು ನನ್ನನ್ನು ಕರೆದರು. ಹಿಡಿದೆ.

"ಬೇಡ ಅಜ್ಜಿ, ಅಲ್ಲಾಡ್ತಾನೇ ಇಲ್ಲ," ಎಂದು ಇಂಚರ ಅವರ ಕೈ ಹಿಡಿದುಕೊಂಡಳು.

"ತೆರಿಯೇ ಬಾಯಿ, ಪುಕ್ಕಲಿ!"

ಮೊದಲ ಸಲ ದಾರವೇ ತುಂಡಾಯಿತು. ಎರಡನೇ ಸಲ ಹಲ್ಲು ಬಂತು. ಇನ್ನೊಂದಕ್ಕೆ ಕಟಿಂಗ್ ಪ್ಲೇಯರ್ ಬೇಕಾಯಿತು. ಬಾಯ್ತುಂಬ ರಕ್ತವಿದ್ದ ಹುಡುಗಿಯನ್ನೇ ನಿಲ್ಲಿಸಿ, ಹಲ್ಲುಗಳನ್ನು ಸಗಣಿಯಲ್ಲಿ ಉಂಡೆ ಕಟ್ಟಿಸಿ, ಹಿತ್ತಲಿನ ಶೀಟಿನ ಮಾಡಿನ ಮೇಲಕ್ಕೆ ಎಸೆಸಿದರು. ಹಾಗೆ ಮಾಡಿದರೆ ಹೊಸ ಹಲ್ಲು ಬೇಗ ಬರುತ್ತದಂತೆ.

"ಅಮ್ಮಂಗೆ ಹೇಳಿದ್ಯೋ, ಅವಳ್ನ ತವರಿಗೆ ಅಟ್ತೀನಿ." ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ನಿಮ್ಮಪ್ಪಂಗೆ ಮನೆ ಖಾಲಿ ಮಾಡೋಕೆ ಎಷ್ಟು ದಿನ ಬೇಕಮ್ಮ?"

ಮೆಟ್ಟಿಲಲ್ಲಿ ಓಡಿ ಬಿದ್ದೆ ಎಂದು ಇಂಚರ ಅಮ್ಮನಿಗೆ ಸುಳ್ಳು ಹೇಳಿದಳು. ಅಷ್ಟು ಜೋಪಾನ ಮಾಡಿದ್ದ ಅಮ್ಮ ಕೆನ್ನೆಗೆ ಎರಡು ಬಿಟ್ಟರು.

ಎಂಟು ತಿಂಗಳಾಯಿತು, ಹಲ್ಲು ಬರಲಿಲ್ಲ. ಅಲ್ಲಿನ ಮೂಳೆ ಕುಗ್ಗುತ್ತಿದೆ, ಖಾಯಂ ಹಲ್ಲು ಕೂರಿಸುವ ಮೊದಲು ಮೂಳೆ ತುಂಬಬೇಕಾಗಬಹುದು ಎಂದರು ಡಾಕ್ಟರ್. ಸದ್ಯಕ್ಕೆ ಹಾಕಿ ತೆಗೆಯುವ ಹಲ್ಲಿನ ಪ್ಲೇಟು ಕೊಟ್ಟಿದ್ದಾರೆ. ಮಲಗುವಾಗ ನೀರಿನಲ್ಲಿಡಬೇಕು. ಅಜ್ಜಿಯದೂ ಕಟ್ಟಿಸಿದ ಹಲ್ಲು.

ಮೊನ್ನೆ ನೆಂಟರು ಬಂದಾಗ ಅಜ್ಜಿ, "ನಮ್ಮನೇಲಿ ಈಗ ಇಬ್ರು ಮುದುಕೀರು. ಒಂದೇ ಲೋಟ ಸಾಕು ನಮ್ಗೆ! ತೆಗೆದು ತೋರ್ಸೇ ಬೊಚ್ಚಿ," ಎಂದರು. ಎಲ್ಲರೂ ನಕ್ಕರು. ಇಂಚರ ಅಮ್ಮನ ಮುಖ ನೋಡಿದಳು.

"ತೋರ್ಸು. ನೀನೇ ಬೀಳ್ಸ್ಕೊಂಡಿದ್ದಲ್ವಾ," ಎಂದರು ಶ್ರೀದೇವಿ ಆಂಟಿ.

ತೆಗೆದು ತೋರಿಸಿದಳು. ಅವತ್ತಿನಿಂದ ಸ್ಕೂಲಿಗೂ ಹೋಗಿಲ್ಲ, ನನ್ನ ಹತ್ತಿರವೂ ಬಾಯಿ ಬಿಡುತ್ತಿಲ್ಲ.

ನಮ್ಮಪ್ಪನಿಗೆ ನಿನ್ನೆಯೇ ಎಲ್ಲ ತಿಳಿಸಿದ್ದೇನೆ. ಇವತ್ತು ಸಂಜೆ ಬಸ್ ಸ್ಟಾಪಿನಲ್ಲಿ ಕಾದು ನಿಂತು, ಆ ಹಲ್ಲು ಬಿದ್ದದ್ದಲ್ಲ ಎಂದು ಶ್ರೀದೇವಿ ಆಂಟಿಗೆ ಹೇಳುತ್ತೇನೆ.