ಹೊಟ್ಟೆ ತುಂಬದ ಕೌದಿ

ಪುಣೆಯ ಕಾತ್ರಜದಲ್ಲಿ ಬಸ್ಸಿನಿಂದ ಇಳಿದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಸ್ವೆಟರ್ ತಂದಿರಲಿಲ್ಲ. ಅಲ್ಲಿನ ಚಿತ್ರಕಲಾ ಶಿಬಿರದವರು ಮೊದಲೇ ತಾಕೀತು ಮಾಡಿದ್ದರು: ಹೆಗಲಿಗೊಂದೇ ಚೀಲ, ಅಂಗೈಯಗಲದ ಬಣ್ಣದ ಡಬ್ಬಿ, ಒಂದು ಕುಂಚ, ಒಂದು ಪುಸ್ತಕ. ಗದಗಿನ ಹೈಸ್ಕೂಲಿನಲ್ಲಿ ಚಿತ್ರ ಕಲಿಸುವ ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿ ರಾತ್ರಿಯಿಡೀ ನಡುಗುತ್ತ ಬಂದಿದ್ದೆ.

ಅಲ್ಲಿಂದ ಹಿಂಜವಾಡಿಗೆ ಎರಡು ಸಿಟಿ ಬಸ್ಸು, ಒಂದು ರಿಕ್ಷಾ. ಕಂಪನಿ ಕ್ಯಾಬುಗಳ ನಡುವೆ ಸಿಕ್ಕಿಕೊಂಡ ರಿಕ್ಷಾದವನು, "ಮ್ಯಾಡಮ್, ಇಥೂನ್ ಚಾಲತ್ ಜಾ" ಎಂದು ಇಳಿಸಿಯೇ ಬಿಟ್ಟ. ಉಳಿದ ದಾರಿ ನಡೆದೆ.

ಶಿಬಿರ ಒಂದು ತೋಟದ ಬಂಗಲೆಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಮೃಣಾಲ್ ಮೇಡಂ. ಬಿಸಿ ಪೋಹೆ ತಿನ್ನುತ್ತಿದ್ದ ಎಲ್ಲರೆದುರು ನಮ್ಮ ಚೀಲಗಳನ್ನು ಎತ್ತಿ ತೂಗಿ ನೋಡಿದರು. "ಇವರನ್ನು ನೋಡಿ ಕಲಿಯಿರಿ" ಎಂದು ಹಿಂದಿಯಲ್ಲಿ ಹೇಳಿ ನನ್ನ ಚೀಲ ತೋರಿಸಿದರು. ನಾನೂ ಉಬ್ಬಿದೆ.

ಮಧ್ಯಾಹ್ನ ಪಕ್ಕದಲ್ಲೇ ಏಳುತ್ತಿದ್ದ ಫ್ಲ್ಯಾಟುಗಳ ಕಡೆ ಚಿತ್ರ ಬರೆಯಲು ಹೋದೆವು. ಕೂಲಿಯವರ ತಗಡಿನ ಶೆಡ್ಡಿನ ಮುಂದೆ ಬಿಸಿಲಿಗೆ ಕುಳಿತು ಹೆಂಗಸೊಬ್ಬಳು ಕೌದಿ ಹೊಲಿಯುತ್ತಿದ್ದಳು. ಪಕ್ಕದಲ್ಲಿ ಅವಳ ಬಸುರಿ ಮಗಳು ಶರಣಮ್ಮ. ಹಳೆಯ ಸೀರೆಗಳ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದ ಆ ಹೊದಿಕೆಯ ಬಣ್ಣ ನೋಡಿ ಎಲ್ಲರೂ ನಿಂತರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಹೆಸರು ಭೀಮವ್ವ, ಊರು ಶಹಾಪುರದ ಹತ್ತಿರ.

"ಹುಟ್ಟೂ ಕೂಸಿಗ್ರೀ," ಎಂದಳು. "ನಮ್ಮವ್ವಂದು, ಅತ್ತೀದು, ಅಕ್ಕಂದು, ಎಲ್ಲಾರ ಸೀರಿನೂ ಅದಾವ ಇದ್ರಾಗ."

ಒಂದು ಬದಿ ಮಾತ್ರ ಹೊಲಿಯದೆ ಬಿಟ್ಟಿದ್ದಳು. ಅಲ್ಲಿಂದ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಬಾಯಿ ಹೊಲಿಯುವುದು ಅವರ ಮನೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸದೆ ಕೂಸಿಗೆ ಹೊದಿಸುವುದಿಲ್ಲವಂತೆ.

ಕೌದಿಯನ್ನು ಒಂದು ದಿನ ಚಿತ್ರ ಬರೆಯಲು ಕೊಡುತ್ತಾಳೇನು ಕೇಳಿ ಎಂದರು ಮೃಣಾಲ್ ಮೇಡಂ. ಕೇಳಿದೆ. ಭೀಮವ್ವ ನನ್ನನ್ನೇ ನೋಡಿದಳು.

"ನಮ್ಮ ಕಡ್ಯಾಕಿ ಅದೀರಿ ಅಂತ ಕೊಡ್ಲಿಕತ್ತೀನ್ರಿ. ನಾಳಿ ಸಂಜೀಕ ಹೊಟ್ಟಿ ತುಂಬಸ್ತೀನಿ, ಅಷ್ಟ್ರಾಗ ತರ್ರಿ."

ತರುತ್ತೇನೆ ಎಂದೆ. ಮೇಡಂ ಚೀಲದಿಂದ ಕುರುಕಲು ಬಾಕರವಡಿಯ ಪೊಟ್ಟಣ ತೆಗೆದು ಅವಳ ಕೈಗಿಟ್ಟರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಕುಂಚ ತೊಳೆದುಕೊಂಡು ವರಾಂಡಕ್ಕೆ ಬಂದರೆ, ಮೇಜಿನ ಮೇಲೆ ಕೌದಿ ಹಾಸಿತ್ತು, ಮೇಡಂ ಕೈಯಲ್ಲಿ ದೊಡ್ಡ ಕತ್ತರಿಯಿತ್ತು. ಹೊಲಿಯದೆ ಬಿಟ್ಟಿದ್ದ ಬದಿಯ ಒಂದು ಮೂಲೆ ಆಗಲೇ ಇರಲಿಲ್ಲ.

"ಏನು ಮಾಡ್ತಿದ್ದೀರಿ?" ಎಂದು ಕಿರುಚಿದೆ.

"ಇಡೀ ಕೌದಿ ಯಾರ ಚೀಲದಲ್ಲೂ ಹಿಡಿಸುವುದಿಲ್ಲ. ತಲೆಗೊಂದು ತುಂಡು, ಪುಸ್ತಕದ ರಟ್ಟಿಗೆ ಅಂಟಿಸಿಕೊಳ್ಳಬಹುದು. ಹಗುರವಾದ ನೆನಪು."

"ಅದು ಅವರದು!"

"ಬಾಕರವಡಿ ಕೊಟ್ಟೆವಲ್ಲ? ಹೇಗೂ ಅರ್ಧಂಬರ್ಧ ಹೊಲಿದು ಬಿಟ್ಟದ್ದು."

ನನಗೆ ಮೈಯೆಲ್ಲ ಉರಿಯಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಕೂಸಿಗೆಂದು ಹೊಲಿದದ್ದನ್ನು ಕತ್ತರಿಸಲು ಎಷ್ಟು ಸೊಕ್ಕಿರಬೇಕು! ಶಿಬಿರಕ್ಕೆ ಬಂದಿದ್ದ ದೆಹಲಿಯ ಹೆಂಗಸೊಬ್ಬಳು ಆ ಮೂಲೆಯನ್ನು ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೊರಟುಹೋಗಿದ್ದಳು. ಫೋನ್ ಮಾಡಿದೆ. "ಅಯ್ಯೋ, ಆಗಲೇ ಅಂಟಿಸಿಬಿಟ್ಟೆ, ತುಂಬ ಚೆನ್ನಾಗಿ ಕಾಣ್ತಿದೆ" ಎಂದು ನಕ್ಕಳು. ಉಳಿದವರು ತಮ್ಮ ತುಂಡಿಗಾಗಿ ಕಾಯುತ್ತ ನಿಂತಿದ್ದರು. ಒಬ್ಬರಿಗೂ ನಾಚಿಕೆಯಿರಲಿಲ್ಲ. ಕತ್ತರಿ ಕಿತ್ತು ತೋಟಕ್ಕೆ ಎಸೆದೆ. ಬಾಯಿಗೆ ಬಂದಂತೆ ಬೈದೆ, ಹಿಂದಿ ಸಾಲದೆ ಕನ್ನಡದಲ್ಲೂ ಬೈದೆ. "ಇಷ್ಟು ಭಾವುಕರಾದರೆ ಕಲೆ ಬರುವುದಿಲ್ಲ" ಎಂದರು ಮೇಡಂ. ಆ ಕಲೆಗೆ ಬೆಂಕಿ ಬೀಳಲಿ ಎಂದು ಕೌದಿ ಎತ್ತಿಕೊಂಡು ಹೊರಬಿದ್ದೆ.

ಶೆಡ್ಡಿನಲ್ಲಿ ಭೀಮವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಒರೆಸಿಕೊಂಡು ಕೌದಿ ಬಿಚ್ಚಿದಳು. ಬೆರಳು ಮೂಲೆಗೆ ಬಂದು ನಿಂತಿತು.

"ನಮ್ಮವ್ವನ ಸೀರಿ ಇಲ್ಲಿತ್ತು. ಎಲ್ಲ್ಯದ ರೀ?"

ಹೇಳಿದೆ. ಒಂದನ್ನೂ ಮುಚ್ಚಿಡದೆ ಹೇಳಿದೆ.

"ಅವರ ಮಾತಂತೂ ನನಗ ತಿಳೀಲಿಲ್ಲ. ನಿಮ್ಮ ಮಾತ ತಿಳೀತು. ನಿಮ್ಮ ಮಾರಿ ನೋಡೇ ಕೊಟ್ಟೆ."

ನಾನು ಉಟ್ಟಿದ್ದ ಹತ್ತಿ ಸೀರೆಯ ಸೆರಗು ಹರಿದುಕೊಡಲೇ ಎಂದೆ. "ಬ್ಯಾಡ್ರಿ" ಎಂದಳು, ತಲೆ ಎತ್ತದೆ. ಆ ಬದಿಯ ಸೀರೆ ತುಂಡುಗಳ ಹೊಲಿಗೆಯನ್ನೆಲ್ಲ ಬಿಚ್ಚಿದಳು, ಕತ್ತರಿ ಬಿದ್ದ ಪಟ್ಟಿಯನ್ನು ಪೂರ್ತಿ ತೆಗೆದು ಅಂಚನ್ನು ನೇರ ಮಾಡಿದಳು. ಕೌದಿ ಗೇಣಷ್ಟು ಗಿಡ್ಡವಾಯಿತು. ರೊಟ್ಟಿಯ ಚೂರು ಒಳಗಿಟ್ಟು ಬಾಯಿ ಹೊಲಿಯತೊಡಗಿದಳು.

"ಇರಲಿ ಬಿಡಬೇ," ಎಂದಳು ಶರಣಮ್ಮ. "ಕೂಸು ಎಷ್ಟಿರ್ತದ? ಸಾಲ್ತದ."

"ಕೂಸು ಬೆಳ್ಯಾಂಗಿಲ್ಲೇನು?" ಎಂದಳು ಭೀಮವ್ವ.

ಒಲೆಯ ಮೇಲೆ ಚಹಾ ಕುದಿಯಿತು. ಶರಣಮ್ಮ ಎರಡು ಲೋಟ ತುಂಬಿದಳು, ಒಂದು ಅವ್ವನಿಗೆ, ಒಂದು ತನಗೆ. ನಮ್ಮ ಕಡೆಯವರ ಮನೆಯಿಂದ ಚಹಾ ಇಲ್ಲದೆ ಎದ್ದು ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವರು ಮಾಡಿದ್ದು ಸರಿಯಾಗಿಯೇ ಇತ್ತು.