ಬಿಜಲಿಯ ಎಡ ಮಗ್ಗುಲು

ಟಕ್, ಟಕ್, ಟಕ್. ಆಮೇಲೆ ಒಂದು ಉಸಿರಿನಷ್ಟು ತಡೆದು, ಟಕ್. ಮಕ್ತಲದ ನಮ್ಮ ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಬಿಜಲಿ ಎಂಬ ಹೆಣ್ಣುಕುದುರೆ ನಡೆಯುತ್ತಿದ್ದ ಸಪ್ಪಳ ಅದು. ಎಡ ಮುಂಗಾಲು ಮಾತ್ರ ನೆಲ ಮುಟ್ಟುವ ಮೊದಲು ಯೋಚನೆ ಮಾಡುತ್ತಿತ್ತು. ನಾರಾಯಣಪೇಟೆಯ ಈ ಮನೆಯಲ್ಲಿ ನನ್ನ ಕೋಣೆಯ ಹಳೇ ಫ್ಯಾನು ಈಚೆಗೆ ಹಾಗೆಯೇ ತಡೆದು ತಿರುಗುತ್ತದೆ. ಎಲೆಕ್ಟ್ರಿಷಿಯನ್‌ನನ್ನು ಕರೆಸುತ್ತೇನೆ ಎಂದು ಸೊಸೆ ದಿನಾ ಹೇಳುತ್ತಾಳೆ, ನಾನು ಬೇಡ ಎನ್ನುತ್ತೇನೆ. ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದರೆ ಸಾಕು, ನೆನೆದ ಕಡಲೆಯ ವಾಸನೆ, ಕುದುರೆಯ ಬೆವರಿನ ಬಿಸಿ ವಾಸನೆ, ಶೇಂಗಾ ಹಿಂಡಿಯ ಜಿಡ್ಡು, ಮುತ್ಯಾನ ಹಣೆಯ ವಿಭೂತಿ ಎಲ್ಲವೂ ಒಟ್ಟಿಗೆ ಬರುತ್ತವೆ. ಹಳೆಯ ಮನೆಯ ಬಗ್ಗೆ ಬರೆಯುವವರು ಅದನ್ನು ತೊಳೆದು ಒರೆಸಿ, ನೀಟಾಗಿ ಇಸ್ತ್ರಿ ಮಾಡಿ ಇಡುತ್ತಾರೆ. ನನ್ನ ಕೈಲಿ ಅದು ಆಗುವುದಿಲ್ಲ. ನಮ್ಮದು ಸಿಟ್ಟಿನ ಮನೆ. ಅಲ್ಲಿ ಅನ್ನ ಬಡಿಸುವ ಸೌಟೂ ಬೈಯುತ್ತಿತ್ತು. ಆದರೂ ಅದು ಇಲ್ಲವಾದದ್ದು ನನಗೆ ನೋವೇ. ನಿಮಗೂ ಅಂಥದೊಂದು ಮನೆ ಇದ್ದರೆ ಇದು ಅರ್ಥವಾದೀತು.

ಮುತ್ಯಾ, ಅಂದರೆ ನನ್ನ ತಂದೆಯ ತಂದೆ, ಶೇಂಗಾ ವ್ಯಾಪಾರಿ. ಬಿಜಲಿ ಅವನ ಟಾಂಗಾ ಎಳೆಯುತ್ತಿತ್ತು. ಮದುವೆಗಳಲ್ಲಿ ಜೀನು ಹೊತ್ತು ಮದುಮಗನನ್ನೂ ಹೊರುತ್ತಿತ್ತು. ಅಜ್ಜಿಯನ್ನು ಆಯಿ ಎನ್ನುತ್ತಿದ್ದೆವು. ಅವರ ಕೊನೆಯ ಮಗಳು ಚಂದ್ರಮ್ಮ, ನನ್ನ ಸೋದರತ್ತೆ, ನನಗೆ ಚಂದ್ರತ್ತಿ. ನಾನು ಕಾನ್ವೆಂಟ್ ಹಾಸ್ಟೆಲ್‌ನಿಂದ ಬೇಸಿಗೆ ರಜೆಗೆ ಬಂದಾಗ ಅವಳ ಮದುವೆ. ಮದುಮಗ ಗದ್ವಾಲದ ಆಚೆ ಐಜದವನು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬರುವ ಅಳಿಯ ಹುಡುಗಿಯ ತಾಯಿಯ ಮದುವೆ ಸೀರೆಯ ಮೇಲೆ ಕೂತು ಬರಬೇಕು. ಅದಕ್ಕೆಂದು ಆಯಿ ತನ್ನ ಗದ್ವಾಲ ಸೀರೆಯನ್ನು, ಬೆಳ್ಳಿ ಜರಿಯ ಗೋಪುರದ ಅಂಚಿನ ಸಮೇತ ಮಡಚಿ, ಜೀನಿನ ಕೆಳಗಿನ ಮೆತ್ತೆಯೊಳಗೆ ಇಟ್ಟು ತಾನೇ ಹೊಲಿದಳು. ಹೊಲಿಯುವಾಗ ಅವಳ ಮುಖದ ಮೇಲೆ ನಾನು ಅಪರೂಪಕ್ಕೆ ನೋಡಿದ ಮೆತ್ತನೆಯ ಬೆಳಕಿತ್ತು.

ಮದುಮಗ ದಪ್ಪಗಿದ್ದ. ಅವನು ಹತ್ತಿ ಕೂತದ್ದೇ ಬಿಜಲಿಯ ಕಿವಿಗಳು ಹಿಂದಕ್ಕೆ ಮಡಚಿಕೊಂಡವು. ಬಡಿಯುತ್ತಿದ್ದ ಹಲಗೆ ವಾದ್ಯದ ಸದ್ದಿಗೆ ಹೆದರಿದೆ ಎಂದರು ಯಾರೋ. ನಮ್ಮ ಅಗಸಿ ಬಾಗಿಲ ಮುಂದೆ ಅದು ಎರಡು ಕಾಲ ಮೇಲೆ ನಿಂತು, ಅವನನ್ನು ಬಾಸಿಂಗದ ಸಮೇತ ಗಟಾರಕ್ಕೆ ಎಸೆಯಿತು. ನಗು ಬಂದವರು ಸೆರಗು ಬಾಯಿಗೆ ಹಿಡಿದರು. ಬೀಗರು ನಗಲಿಲ್ಲ. ಹುಡುಗನ ಸೋದರಮಾವ ಮೊದಲು ತೆಲುಗಿನಲ್ಲಿ "ಇದಿ ಮಂಚಿದಿ ಕಾದು", ಇದು ಒಳ್ಳೆಯದಲ್ಲ, ಎಂದು, ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದ: "ನಿಮ್ಮ ಮನಿ ಕುದುರಿನ ನಮ್ಮ ಹುಡುಗನ್ನ ಒಲ್ಲೆ ಅಂತು. ಇನ್ನ ಹುಡುಗಿ ಏನಂತಾಳ ಅಂತ ನಾವು ಕೇಳಬೇಕೇನ್ರಿ?" ಸಂಜೆಯೊಳಗೆ ಬೀಗರ ಬಂಡಿಗಳು ಹೋದವು. ಹಂದರದ ಕೆಳಗೆ ಮಾಡಿಟ್ಟ ಹುಗ್ಗಿಯನ್ನು ಮೂರು ಓಣಿಗೆ ಹಂಚಿದರು.

ಮುತ್ಯಾ ಕುದುರೆಯ ಹಟ ಮುರಿಯಲು ಹೊರಟ. ಅದೇ ಜೀನು ಬಿಗಿದು ದಿನವೂ ಸವಾರನನ್ನು ಹತ್ತಿಸಿ ಚಾಟಿಯಲ್ಲಿ ಹೊಡೆಸಿದ. ಹಟ ಹೆಚ್ಚಿತು. ಎಡಗಡೆಯಿಂದ ಯಾರು ಹೋದರೂ ಕಚ್ಚತೊಡಗಿತು; ಎಡ ಮುಂಗಾಲು ತಡೆಯತೊಡಗಿತು. ದನದ ಡಾಕ್ಟರು ಬಂದು ಗೊರಸು, ಕೀಲು ಎಲ್ಲ ಒತ್ತಿ ನೋಡಿದರು. "ಕಾಲಿನ್ಯಾಗ ಏನೂ ಇಲ್ರಿ. ಬ್ಯಾರೆ ಎಲ್ಲೋ ಐತಿ. ಹತ್ರ ಬಿಟ್ಟುಕೊಂಡ್ರ ನೋಡಬಹುದು," ಎಂದು ಕಚ್ಚಿಸಿಕೊಂಡ ತೋಳು ಹಿಡಿದು ಹೋದರು. ಆಮೇಲೆ ಉಟ್ಕೂರಿನಿಂದ ಸುಳಿ ನೋಡುವವನೊಬ್ಬ ಬಂದ. ಕುದುರೆಯ ಮೈಮೇಲೆ ಕೂದಲು ಸುತ್ತಿದ ಜಾಗ ನೋಡಿ ಅದರ ಗುಣ ಹೇಳುವ ಕಸುಬು ಅವನದು. ಬಿಜಲಿಯ ಕುತ್ತಿಗೆಯ ಜೂಲು ಎತ್ತಿ, "ಸರ್ಪಸುಳಿ, ಮನಿಗೆ ಕೆಡಕು" ಎಂದ. ಮನೆಯವರಿಗೆಲ್ಲ ಒಂದು ಥರದ ರಿಲೀಫ್. ಮರುದಿನ ಚಂದ್ರತ್ತಿಗೆ ತಲೆ ಬಾಚುತ್ತಿದ್ದ ಆಯಿಯ ಕೈ ಥಟ್ಟನೆ ನಿಂತಿತು.

"ಇಲ್ಲಿ ನೋಡ್ರಿ, ಇಕಿಗೂ ಹೆಡಕಿನ್ಯಾಗ ಸುಳಿ. ಅದಕೂ ಅಲ್ಲೇ, ಇಕಿಗೂ ಅಲ್ಲೇ. ಅಕ್ಕತಂಗೇರು."

ಅಂದಿನಿಂದ ಚಂದ್ರತ್ತಿ ಹೆಡಕು, ಅಂದರೆ ಕತ್ತಿನ ಹಿಂಭಾಗ, ಕಾಣದ ಹಾಗೆ ತುರುಬನ್ನು ಕೆಳಗೆ ಇಳಿಬಿಡಬೇಕು ಎಂದು ಅಪ್ಪಣೆಯಾಯಿತು. ನೀರು ತರಲು ಹೋದರೆ, "ಬಿಜಲಿ ತಂಗಿ ಬಂದಳು, ಎಡಕ್ಕ ನಿಲ್ಲಬ್ಯಾಡ್ರೇ, ಕಚ್ಚತಾಳ," ಎನ್ನುತ್ತಿದ್ದರು ಓಣಿಯ ಹೆಂಗಸರು. ಅವಳು ಅಳಲಿಲ್ಲ. ನನಗೆ ಮಾತ್ರ ಒಮ್ಮೆ ಹೇಳಿದಳು: "ಅದಕ್ಕ ಹುಚ್ಚಾದ್ರ ನನಗೂ ಹುಚ್ಚಂತ. ಹಂಗಾರ ಅದಕ್ಕ ಏನಾಗೇತಿ ನಾನ ನೋಡತೀನಿ."

ಅವಳು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು, ನನ್ನಿಂದ ಬಿಜಲಿಯನ್ನು ಬಲಗಡೆಯಿಂದ ಹಿಡಿಸಿ ನಡೆಸಿ, ಬರೀ ಸಪ್ಪಳ ಕೇಳಿದಳು. ಕಾನ್ವೆಂಟ್‌ನಲ್ಲಿ ಸಿಸ್ಟರ್ ಪಿಯಾನೋ ಕೇಳುವಾಗಲೂ ಅಷ್ಟು ಪೇಷನ್ಸ್ ಇರಲಿಲ್ಲ. ಟಾಂಗಾ ಕಟ್ಟಿದರೆ ತಡೆ ಕಡಿಮೆ. ಬರಿಯ ಜೀನು ಹಾಕಿದರೆ ಅಷ್ಟೇ. ಜೀನಿನ ಮೇಲೆ ಶೇಂಗಾ ಚೀಲ ಹೇರಿದರೆ ಕಿವಿ ಮಡಚಿ ಎರಡು ಕಾಲ ಮೇಲೆ ನಿಂತಿತು. "ಭಾರ ಬಿದ್ದಾಗ ಏನೋ ಆಗತೈತಿ," ಎಂದಳು. ಬಲಗಡೆ ನಿಂತೇ ಬೆನ್ನಿನ ಮೇಲೆ ಅಂಗೈ ಜಾರಿಸುತ್ತ, ಜಾರಿಸುತ್ತ, ಎಡ ಹೆಗಲಿನ ಹಿಂದೆ ಒಂದು ಕಡೆ ಬಂದಾಗ ಬಿಜಲಿಯ ಚರ್ಮ ನೊಣ ಕೂತ ಹಾಗೆ ನಡುಗಿತು. ಕೂದಲಿನ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಹಕ್ಕಳೆಗಳು, ಒಂದರ ಪಕ್ಕ ಒಂದು.

ಆಗ ಅವಳು ಜೀನನ್ನು ಕಟ್ಟೆಯ ಮೇಲಿಟ್ಟು, ನನ್ನನ್ನು ಅದರ ಮೇಲೆ ಕೂರಿಸಿ, ಮೆತ್ತೆಯ ಎಡಭಾಗದ ಕೆಳಗೆ ತನ್ನ ಅಂಗೈ ತೂರಿಸಿದಳು. "ಭಾರ ಬಿಟ್ಟು ಕೂಡು, ಬೇಬಿ." ನಾನು ಬಿಟ್ಟೆ. ಅವಳ ತುಟಿ ಬಿಗಿಯಾಯಿತು. ಕೈ ಹೊರಗೆ ತೆಗೆದಾಗ ಅಂಗೈ ತುಂಬ ರಕ್ತದ ಸಣ್ಣ ಹನಿಗಳು, ಗುಡಿಯ ಗೋಪುರಗಳ ಹಾಗೆ ಏರಿ ಇಳಿದು ಏರಿ, ಸಾಲಾಗಿ. ಗದ್ವಾಲ ಸೀರೆ ಉಟ್ಟವರಿಗೆ ಅದು ಯಾವ ಅಂಚಿನ ಸಾಲು ಎಂದು ಬೇರೆ ಹೇಳಬೇಕಾಗಿಲ್ಲ.

ಮೆತ್ತೆ ಬಿಚ್ಚಿದಳು. ಹಳೆಯ ಜರಿಯ ಬೆಳ್ಳಿ ಎಳೆಗಳು ಎಡಗಡೆಯ ಮಡಿಕೆಯಲ್ಲಿ ಮುರಿದು, ತಂತಿಯ ತುದಿಗಳಾಗಿ ಬಟ್ಟೆಯ ಹೊರಗೆ ಮುಖ ಮಾಡಿದ್ದವು. ಆ ಸೀರೆಯನ್ನೂ ತನ್ನ ಕೈಯನ್ನೂ ಒಟ್ಟಿಗೆ ಆಯಿಯ ಮುಂದೆ ಹಿಡಿದಳು. ಅಡುಗೆಮನೆಯಲ್ಲಿ ಮುತ್ಯಾನೂ ಇದ್ದ, ಊಟಕ್ಕೆ ಕೂತಿದ್ದ. ಈಗ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ ನಾನು. ಪ್ರೂಫ್ ಕೊಟ್ಟರೆ ಜನ ಒಪ್ಪುತ್ತಾರೆ ಎಂದು ನಮಗೆ ಸ್ಕೂಲಿನಲ್ಲಿ ಕಲಿಸಿದ್ದರು.

ಆಯಿ ಬಹಳ ಹೊತ್ತು ಸೀರೆ ನೋಡಿದಳು. ಕೈ ನೋಡಲಿಲ್ಲ. "ಹಂಗಾರ ನನ್ನ ಸೀರಿ ನಿನ್ನ ಬಾಳು ಕೆಡಿಸ್ತು ಅಂತೀ."

"ನಾ ಹಂಗಂದಿಲ್ಲಬೇ. ಕುದುರಿಗೆ ಹುಚ್ಚಿಲ್ಲ ಅಂದೆ."

"ಅದರ ಮಾತು ನೀ ಆಡಾಕತ್ತೀ. ಸುಳಿ ಇದ್ದಾಕಿ ಸುಳಿ ಇದ್ದದ್ದರ ಕಡೆ."

ಮುತ್ಯಾ ತಾಟಿನಿಂದ ತಲೆ ಎತ್ತದೆ, "ಐಜದ ಹುಡುಗಂದು ಲಗ್ನ ಬ್ಯಾರೆ ಕಡೆ ಆತು. ಇನ್ನ ಯಾಕ ಆ ಮಾತು," ಎಂದ. ಅಲ್ಲಿಗೆ ಮುಗಿಯಿತು. ಸುಳಿ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾರೂ ಹೊಣೆಯಲ್ಲ. ಸೀರೆಗೆ ಹೊಲಿದ ಕೈಯೊಂದು ಇರುತ್ತದೆ. ಆ ಮನೆ ಸುಳಿಯನ್ನೇ ಇಟ್ಟುಕೊಂಡಿತು. ಅದಾದ ಮೇಲೆ ಆಯಿ ಮಗಳಿಗೆ ಬಡಿಸುವಾಗ ರೊಟ್ಟಿಯನ್ನು ದೂರದಿಂದ ಎಸೆಯುತ್ತಿದ್ದಳು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ವಯಸ್ಸಾದರೆ ಮನಸ್ಸು ಮೃದುವಾಗುತ್ತದೆ ಎನ್ನುವುದು ಸುಳ್ಳು.

ಉಳಿದ ರಜೆಯೆಲ್ಲ ಚಂದ್ರತ್ತಿ ನಸುಕಿನಲ್ಲೇ ನನ್ನನ್ನೂ ಬಿಜಲಿಯನ್ನೂ ಬಂಡಿದಾರಿ ಹಿಡಿದು ಕೃಷ್ಣೆಯ ಮರಳಿಗೆ ಕರೆದೊಯ್ಯುತ್ತಿದ್ದಳು. ಗಾಯ ಬೇಗ ಮಾಯಿತು, ಅಂಜಿಕೆ ಮಾಯಲಿಲ್ಲ. ನೋವಿಲ್ಲದ ಕಾಲನ್ನೂ ಅದು ತಡೆದೇ ಇಡುತ್ತಿತ್ತು. ಅವಳು ಜೀನಿಲ್ಲದೆ, ಹಗ್ಗ ಸಡಿಲ ಬಿಟ್ಟು, ಮೊಣಕಾಲುದ್ದದ ನೀರಿನಲ್ಲಿ ಅದನ್ನು ನಡೆಸುತ್ತಿದ್ದಳು. ಆಮೇಲೆ ಎಡಗಡೆಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು, ಮುಟ್ಟುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅದು ಹಲ್ಲು ತೋರಿಸಿದರೆ ಒಂದು ಹೆಜ್ಜೆ ಹಿಂದೆ. ಕಿವಿ ಮುಂದೆ ಬಂದರೆ ಅಂಗೈಯಲ್ಲಿ ಬೆಲ್ಲ. ಒಂದು ಬೆಳಿಗ್ಗೆ ಬಿಜಲಿ ತಾನಾಗಿ ಎಡ ಹೆಗಲನ್ನು ಅವಳ ಕಡೆ ವಾಲಿಸಿ ನಿಟ್ಟುಸಿರು ಬಿಟ್ಟಿತು. ಚಂದ್ರತ್ತಿ ಅದರ ಕುತ್ತಿಗೆಗೆ ಮುಖ ಒತ್ತಿಕೊಂಡು ನಿಂತಳು. ನಾನು ನೀರಿನ ಕಡೆ ನೋಡಿದೆ. ಆ ಮರಳು ಈಗ ಜೂರಾಲ ಅಣೆಕಟ್ಟಿನ ನೀರಿನ ಕೆಳಗಿದೆ. ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ.

ಮುತ್ಯಾ ಕುದುರೆಯನ್ನು ಗದ್ವಾಲದ ಒಬ್ಬರಿಗೆ ಕೊಟ್ಟುಬಿಡುವುದೆಂದು ನಿಶ್ಚಯಿಸಿದ. "ನಾನ ಮುಟ್ಟಿಸಿ ಬರತೀನಿ," ಎಂದಳು ಚಂದ್ರತ್ತಿ. ಆಯಿ ಹಿತ್ತಲಿನಿಂದಲೇ, "ಅಕ್ಕತಂಗೇರು ಕೂಡೇ ಹೋಗಲಿ," ಎಂದಳು. ಅವಳು ವಾಪಸ್ಸು ಬರಲಿಲ್ಲ. ಗದ್ವಾಲದಲ್ಲಿ ನೇಕಾರರ ಮನೆಯೊಂದರ ಪಡಸಾಲೆಯಲ್ಲಿ ಇದ್ದಾಳಂತೆ, ಕಚ್ಚುವ, ಕುಂಟುವ ಕುದುರೆಗಳನ್ನು ಜನ ಅವಳ ಹತ್ತಿರ ತರುತ್ತಾರಂತೆ ಎಂಬ ಸುದ್ದಿ ಬರುತ್ತಿತ್ತು. ಕೆಲವು ವರ್ಷಗಳ ಮೇಲೆ ಜ್ವರದಲ್ಲಿ ಹೋದಳೆಂಬ ಸುದ್ದಿ, ನಾನು ಹಾಸ್ಟೆಲ್‌ನಲ್ಲಿದ್ದಾಗ. ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅವಳು ಗದ್ವಾಲಕ್ಕೆ ಹೊರಟ ಬೆಳಿಗ್ಗೆ, ಹೊಳೆಯ ದಂಡೆಯಲ್ಲಿ. ಬೇಸಿಗೆಯ ಕೃಷ್ಣೆ, ದಾಟುವಷ್ಟೇ ನೀರು. ಬಂಡೆಗೆ ಒರಗಿ ಅವಳು ಇಳಿಬಿಟ್ಟ ತುರುಬನ್ನು ಬಿಚ್ಚಿ, ಕೂದಲನ್ನೆಲ್ಲ ನೆತ್ತಿಗೆ ಎತ್ತಿ ಗಂಟು ಹಾಕಿದಳು. "ಶಕಿ ಆಗತೈತಿ," ಎಂದಳು, ನಾನು ಏನೂ ಕೇಳಿರಲಿಲ್ಲ. ಬಿಜಲಿಯ ಎಡಗಡೆಯಿಂದ ಹತ್ತಿ, ಬರೀ ಬೆನ್ನಿನ ಮೇಲೆ ಕೂತಳು. ಅದು ಕಿವಿ ಮಡಚಲಿಲ್ಲ. ಮರಳಿನಲ್ಲಿ ಗೊರಸಿನ ಸಪ್ಪಳ ಕೇಳುವುದಿಲ್ಲ, ಆದ್ದರಿಂದ ನಾನು ಹೆಜ್ಜೆಗಳನ್ನು ಕಣ್ಣಿನಿಂದ ನೋಡಿದೆ. ನಾಲ್ಕೂ ಸಮ. ನೀರಿನ ನಡುವೆ ಹೋದ ಮೇಲೂ ಅವಳ ತೆರೆದ ಹೆಡಕು ಬಿಸಿಲಿಗೆ ಕಾಣುತ್ತಿತ್ತು, ಸುಳಿಯ ಸಮೇತ, ಇಡೀ ಮಕ್ತಲದ ಕಡೆಗೆ ತಿರುಗಿ.