ವರಸೆ ಕೂಡದ ಲಗ್ನ

ನನ್ನ ಕಾದಂಬರಿಯಲ್ಲಿ ಎಪ್ಪತ್ತೆರಡು ಜನರಿದ್ದಾರೆ. ಮೂರು ಮನೆತನ, ನಾಲ್ಕು ತಲೆಮಾರು. ಒಂದು ಮನೆತನ ಕುಷ್ಟಗಿಯ ಜೋಳದ ಹೊಲದಲ್ಲಿ, ಇನ್ನೊಂದು ಗಂಗಾವತಿಯ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ, ಮೂರನೆಯದು ಎಲ್ಲಿಯೂ ನೆಲೆ ನಿಲ್ಲದೆ ಕೊಪ್ಪಳದ ಬಾಡಿಗೆ ಮನೆಗಳಲ್ಲಿ. ಶುರು ಮಾಡುವಾಗ ಇಷ್ಟು ಮಂದಿ ಬಂದು ಕೂಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಬ್ಬನನ್ನು ಕರೆದರೆ ಅವನು ಹೆಂಡತಿಯನ್ನೂ, ಹೆಂಡತಿಯ ತಮ್ಮನನ್ನೂ ಕರೆದುಕೊಂಡು ಬಂದ. ಆರನೆಯ ಅಧ್ಯಾಯದಲ್ಲಿ ನಾನೇ ಮಣ್ಣು ಮಾಡಿದ್ದ ಒಬ್ಬ ಮುದುಕ ಹದಿನಾಲ್ಕನೆಯ ಅಧ್ಯಾಯದಲ್ಲಿ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಣ್ಣುತ್ತಿದ್ದ. ಅದನ್ನು ಹಿಡಿದವಳು ನನ್ನ ಅಕ್ಕ.

"ಸತ್ತಾವ ಎದ್ದು ಬಂದು ಹೋಳಿಗಿ ಉಣ್ಣಾಕತ್ಯಾನಲ್ಲೋ ತಮ್ಮಾ," ಅಂದಳು. "ಇರ್ಲಿ ಬಿಡು ಪಾಪ, ಹಸದಿದ್ದ ಕಾಣ್ತೈತಿ."

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ನಮ್ಮ ಅವ್ವ ತೀರಿಕೊಂಡಳು. ಅವ್ವನ ತಾಯಿ, ನಮ್ಮ ಅಜ್ಜಿ, ಬಂದು ಕುಷ್ಟಗಿಯ ನಮ್ಮ ಮನೆಯ ಹೊಣೆ ಹೊತ್ತಳು. ಅಜ್ಜಿಯ ಕೈ ಸೋತ ಮೇಲೆ ಅಕ್ಕನೇ ನನ್ನನ್ನು ಬೆಳೆಸಿದಳು. ಅವಳು ಲಗ್ನವಾಗಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಣ್ಣುಮಕ್ಕಳ ಕುಬಸ ಹೊಲಿಯುತ್ತ ಈಗಲೂ ನನ್ನ ಮನೆಯಲ್ಲೇ ಇದ್ದಾಳೆ. ಇಲ್ಲ, ತಪ್ಪು ಬರೆದೆ. ನಾನು ಅವಳ ಮನೆಯಲ್ಲಿದ್ದೇನೆ.

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಾದಂಬರಿಗೆ ಕೈ ಹಾಕಿದೆ. ಹೆಂಡತಿಗಿನ್ನೂ ಶಾಲೆಯ ನೌಕರಿ ಇದೆ. ಹಗಲೆಲ್ಲ ಮನೆಯಲ್ಲಿ ನಾನು, ಅಕ್ಕ, ಮತ್ತು ಈ ಎಪ್ಪತ್ತೆರಡು ಮಂದಿ. ಕಥೆ ಎಷ್ಟು ಸಿಕ್ಕಾಯಿತೆಂದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಕೊನೆಗೆ ಅಕ್ಕ ಅಟ್ಟದ ಮೇಲಿನಿಂದ ಹಳೆಯ ಲಗ್ನಪತ್ರಿಕೆಗಳ ಗಂಟು ಇಳಿಸಿದಳು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ಮನೆಯಲ್ಲಿ ಲಗ್ನಪತ್ರಿಕೆಗೇನು ಬರ? ಹಿಂದಿನ ಬಿಳಿ ಮಗ್ಗುಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪತ್ರಿಕೆ ಅಂತ ಬರೆದೆವು: ಯಾರ ಮಗ, ಯಾರ ಸೊಸೆ, ಎಲ್ಲಿ ಹುಟ್ಟಿದ, ಎಲ್ಲಿ ಸತ್ತ. ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ, ಆದ್ದರಿಂದ ಬರೆದವಳು ಅವಳೇ. ಪಡಸಾಲೆಯ ಗೋಡೆಗೆ ದಾರ ಕಟ್ಟಿ ಬಟ್ಟೆಗೆ ಹಾಕುವ ಕ್ಲಿಪ್ಪಿನಿಂದ ಎಲ್ಲರನ್ನೂ ತೂಗು ಹಾಕಿದೆವು.

ಕಥೆ ಕಟ್ಟುವ ಬಗ್ಗೆ ನಾನು ಓದಿದ್ದೆಲ್ಲ ಅವಳ ಮುಂದೆ ನಿಲ್ಲಲಿಲ್ಲ. ಅವಳದು ಒಂದೇ ಪರೀಕ್ಷೆ. ಕಾದಂಬರಿಯಲ್ಲಿ ಲಗ್ನವೋ ತೊಟ್ಟಿಲ ಕಾರ್ಯವೋ ಬಂದ ಕೂಡಲೇ ಗೋಡೆಯ ಮುಂದೆ ನಿಂತು ಕೇಳುವಳು: "ಈ ಕಾರ್ಯಕ್ಕ ಯಾರ್ಯಾರು ಬಂದ್ರು? ಯಾರ ಯಾರಿಗೆ ಆಯಾರ ಮಾಡಿದ್ರು?" ಆಯಾರವೆಂದರೆ ಬಳಗದವರು ಕಾರ್ಯದಲ್ಲಿ ಕೊಡುವ ಸೀರೆ, ಕುಬಸ, ರುಮಾಲು. ಯಾರು ಯಾರಿಗೆ ಕೊಡಬೇಕೆಂಬುದು ಸಂಬಂಧದ ಮೇಲೆ ನಿಂತಿದೆ. ಹೀಗೆ ಕೇಳುತ್ತ ಹೋದರೆ ಕಥೆಯ ಬಿರುಕುಗಳೆಲ್ಲ ತಾವಾಗಿ ಕಾಣುತ್ತಿದ್ದವು. ಯಾವ ಕಾರ್ಯಕ್ಕೂ ಬೇಡವಾದ ಒಬ್ಬ ಇಂಜಿನಿಯರನ ಮೇಲೆ ನನಗೆ ಬಹಳ ಪ್ರೀತಿಯಿತ್ತು. "ಲಗ್ನಕ್ಕ ಕರಿಯಲಾರದ ಮಂದಿ ಕಥಿಗ್ಯಾಕ?" ಎಂದು ಅವನನ್ನು ದಾರದಿಂದ ಇಳಿಸಿಬಿಟ್ಟಳು. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ನೋಡಿದರೆ ಅವನಿಲ್ಲದೆ ಯಾರಿಗೂ ಏನೂ ಕೊರತೆಯಾಗಿರಲಿಲ್ಲ.

ಕಾದಂಬರಿಯ ಜೀವ ಇರುವುದು ಒಂದು ಲಗ್ನದಲ್ಲಿ. ಕಾಲುವೆ ಕಡೆಯ ಹುಡುಗನಿಗೂ ಕುಷ್ಟಗಿಯ ಹುಡುಗಿಗೂ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಲಗ್ನವಾಗಬೇಕು; ಅದಾದರೆ ಮಾತ್ರ ಮೂರು ಮನೆತನದ ಎಳೆಗಳು ಒಂದಾಗುತ್ತವೆ. ಹೋದ ಶ್ರಾವಣದ ಒಂದು ಮಧ್ಯಾಹ್ನ ಅಕ್ಕ ಆ ಎರಡು ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದಳು.

"ಈ ಲಗ್ನ ಆಗೂದಿಲ್ಲ," ಅಂದಳು. "ಎರಡನೇ ಅಧ್ಯಾಯದಾಗ ಇವನ ಅಜ್ಜಿ, ಇಕಿ ಅಜ್ಜಿ ಅಕ್ಕತಂಗೇರು ಅಂತ ಬರದಿ. ಅಕ್ಕತಂಗೇರ ಮಕ್ಕಳು ಇವರ ಅವ್ವಂದಿರು. ಅವರೂ ಅಕ್ಕತಂಗೇರ ಆದ್ರು. ಅವರ ಹೊಟ್ಟ್ಯಾಗ ಹುಟ್ಟಿದ ಇವರು ವರಸಿಯೊಳಗ ಅಣ್ಣ ತಂಗಿ."

ಎರಡನೆಯ ಅಧ್ಯಾಯದಲ್ಲಿ ಓದುಗರ ಕಣ್ಣು ಒದ್ದೆಯಾಗಲೆಂದು ಇಬ್ಬರು ಅಕ್ಕತಂಗಿಯರನ್ನು ಅಗಲಿಸಿದ್ದೆ. ಇಪ್ಪತ್ತು ಅಧ್ಯಾಯ ದಾಟುವಷ್ಟರಲ್ಲಿ ಮರೆತಿದ್ದೆ. ನಾನು ಮರೆತದ್ದು ಹೋಗಲಿ. ಅದನ್ನು ಹೇಳುವಾಗ ಅಕ್ಕನ ದನಿ ಎಲ್ಲೂ ನಡುಗಲಿಲ್ಲ. ಅವಳ ಲಗ್ನ ಮುರಿದದ್ದೂ ಇದೇ ಎಣಿಕೆಯಿಂದ. ಎಣಿಸಿದವನು ನಾನು.

ಆಗ ಅವಳಿಗೆ ಇಪ್ಪತ್ತೈದು, ನನಗೆ ಹತ್ತೊಂಬತ್ತು. ಅಜ್ಜಿ ತೀರಿ ಒಂದು ವರ್ಷವಾಗಿತ್ತು. ಗಂಗಾವತಿ ಕಡೆಯಿಂದ ಒಬ್ಬ ಡ್ರಾಯಿಂಗ್ ಮಾಸ್ತರರ ಸಂಬಂಧ ಬಂತು. ಹೆಣ್ಣು ನೋಡಲು ಬಂದ ಆ ಮಾಸ್ತರರು ಅಕ್ಕ ಬರೆದಿಟ್ಟಿದ್ದ ಹಾಲಿನ ಲೆಕ್ಕದ ಚೀಟಿ ನೋಡಿ, "ಅಕ್ಷರ ಭಾಳ ಛಲೋ ಅದಾವ್ರಿ ನಿಮ್ಮವು," ಅಂದಿದ್ದರು. ಅಷ್ಟಕ್ಕೇ ನಮ್ಮ ಅಕ್ಕ ಒಂದು ವಾರ ಒಲೆಯ ಮುಂದೆ ತನ್ನಷ್ಟಕ್ಕೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾತು ಮುಗಿಸುವ ದಿನ ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಕುಳಿತು ವರಸೆ, ಅಂದರೆ ಯಾರಿಗೆ ಯಾರು ಏನಾಗಬೇಕೆಂಬುದನ್ನು, ಎಣಿಸಿದರು. ತಂದೆಯ ಕಡೆ ಎಲ್ಲ ಸರಿಹೋಯಿತು. ತಾಯಿಯ ಕಡೆ ಬಂದಾಗ, ಹುಡುಗನ ತಾಯಿಯ ತಾಯಿ ಯಲಬುರ್ಗಾ ಸೀಮೆಯವಳೆಂದೂ ಸಣ್ಣ ವಯಸ್ಸಿಗೇ ತೀರಿದಳೆಂದೂ ಅವರು ಹೇಳಿದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ನಮ್ಮ ಅಜ್ಜಿಯ ತವರೂ ಯಲಬುರ್ಗಾವೇ; ಅಪ್ಪ ನನ್ನ ಮುಖ ನೋಡಿದ. ಅಜ್ಜಿಯ ಪಕ್ಕ ಕುಳಿತು ಅವಳ ಕಥೆಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡವನು ನಾನು. "ಇವಗ ಗೊತ್ತೈತಿ ನೋಡ್ರಿ," ಅಂದ ಅಪ್ಪ. ನಾನು ಒಳಗೆ ಹೋಗಿ ನೋಟುಬುಕ್ಕು ತಂದೆ. ಹಾಗೆ ತರುವಾಗ ಎದೆ ಎಷ್ಟು ಉಬ್ಬಿತ್ತೆಂದು ನೆನೆಸಿದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನೋಟುಬುಕ್ಕಿನಲ್ಲಿ ಅಜ್ಜಿಯ ಮಾತು ಇತ್ತು: ನಾನೂ ನನ್ನ ತಂಗಿಯೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದೆವು, ಅವಳನ್ನು ಹೊಳೆಯ ಕಡೆ ಇಂಥ ಊರಿಗೆ ಕೊಟ್ಟರು, ಅವಳು ಬೇಗ ಹೋದಳು. ಅದು ಹುಡುಗನ ತಾಯಿಯ ತವರೂರೇ, ಮನೆತನವೂ ಅದೇ. ಗಟ್ಟಿಯಾಗಿ ಓದಿದೆ. ಅವರ ಕಡೆಯ ಹಿರಿಯರೊಬ್ಬರು ಹಣೆ ಬಡಿದುಕೊಂಡು, "ಇವರು ಅಣ್ಣ ತಂಗಿ ಆದ್ರಲ್ಲಪಾ. ದೇವರು ಕಾಯ್ದ ನೋಡ್ರಿ," ಅಂದರು. ಎಲ್ಲರಿಗೂ ಉಸಿರು ಬಿಟ್ಟಂತಾಯಿತು. "ಶ್ಯಾಣ್ಯಾ ಅದಾನ ಹುಡುಗ," ಎಂದು ನನ್ನ ಬೆನ್ನು ತಟ್ಟಿದರು. ಅಕ್ಕ ಅಡುಗೆ ಮನೆಯ ಬಾಗಿಲ ಹಿಂದೆ ಇದ್ದಳು.

ಜಗಳವಾಗಿ ಮುರಿದ ಮಾತಲ್ಲ ಅದು. ಕಳೆದ ಬಳಗ ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟರು. ಅದೇ ಜಮಖಾನದ ಮೇಲೆ ಹಿರಿಯರು ಮಾಸ್ತರರನ್ನು ಅಕ್ಕನಿಗೆ ಅಣ್ಣ ಅಂತ ಮಾಡಿದರು. ಮುಂದಿನ ನಾಗರ ಪಂಚಮಿಗೆ ಗಂಗಾವತಿಯಿಂದ ಅಣ್ಣನ ಉಡುಗೊರೆಯಾಗಿ ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ಬಂತು. ಪ್ರತಿ ವರ್ಷ ಬಂತು. ಅವರು ಬೇರೆ ಕಡೆ ಲಗ್ನವಾದರು, ಇಬ್ಬರು ಮಕ್ಕಳಾದರು. ಊರೆಲ್ಲರ ಕುಬಸ ಹೊಲಿಯುವ ಅಕ್ಕ ಆ ಕಣಗಳನ್ನು ಮಾತ್ರ ಹೊಲಿಯದೆ ಯಾರಿಗಾದರೂ ಉಡಿ ತುಂಬಲು ಕೊಟ್ಟುಬಿಡುತ್ತಿದ್ದಳು. ಬಂದ ಬೇರೆ ಸಂಬಂಧಗಳಿಗೆಲ್ಲ ಒಂದೇ ಮಾತು: "ನನಗ ಬ್ಯಾಡ್ರಿ."

ಇಷ್ಟೆಲ್ಲ ಇದ್ದರೂ ಆ ಮಧ್ಯಾಹ್ನ ನಾನು ಯೋಚಿಸಿದ್ದು ಕಾದಂಬರಿಯನ್ನೇ. ಬರೆಯುವವರ ಜಾತಿ ಬಲು ಕೆಟ್ಟದ್ದು. "ಆ ತಂಗಿನ್ನ ಸಾಕು ಮಗಳನ್ನ ಮಾಡಿದ್ರ ಹ್ಯಾಂಗ?" ಅಂತ ಕೇಳಿದೆ. "ತಾಯಿ ಸತ್ತ ಕೂಸು, ಸೋದರಮಾವನ ಮನ್ಯಾಗ ಬೆಳದದ್ದು. ಊರ ಮಂದಿ ಅಕ್ಕತಂಗೇರು ಅಂತ ತಿಳಕೊಂಡಾರ."

ಅಕ್ಕ ಬೆರಳು ಮಡಿಚಿ ಎಣಿಸಿದಳು. "ಹಂಗಾದ್ರ ಆಕಿ ಸೋದರತ್ತಿ ಮಗಳಾದ್ಲು. ಅಕ್ಕತಂಗೇರಲ್ಲ, ಅತ್ತಿಗಿ ನಾದಿನಿ. ಅವರ ಹೆಣ್ಣುಮಕ್ಕಳೂ ಅತ್ತಿಗಿ ನಾದಿನಿನ. ಮೊಮ್ಮಕ್ಕಳಿಗೆ ಬರೋಬ್ಬರಿ ಲಗ್ನದ ವರಸಿ ಬರ್ತೈತಿ." ಎರಡೂ ಪತ್ರಿಕೆಗಳನ್ನು ತಿರುಗಿ ದಾರಕ್ಕೆ ಸಿಕ್ಕಿಸಿ, "ಛಲೋ ಕೂಡಿಸಿದಿ," ಅಂದಳು.

ಹಿಂದಿನ ಕಾಲದಲ್ಲಿ ಹೀಗೆ ಕೂಸುಗಳನ್ನು ತಂದು ಸಾಕುವುದು ಹೇಗಿತ್ತು ಅಂತ ಕೇಳಿಕೊಂಡು ಬರಲು ಯಲಬುರ್ಗಾ ಬಸ್ಸು ಹತ್ತಿದೆ. ಅಲ್ಲಿ ಅಜ್ಜಿಯ ತವರಿನಲ್ಲಿ ಅವಳ ಕಿರಿಯ ತಮ್ಮನ ಹೆಂಡತಿ ಇನ್ನೂ ಇದ್ದಾಳೆ. ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಮಂಜು, ಮಾತು ಚುರುಕು. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಕಾದಂಬರಿಯ ಸಂಗತಿ ಹೇಳಿದೆ. ಅವಳು ನಕ್ಕಳು.

"ಕಟ್ಟೂದ್ಯಾಕಪಾ ಅದನ್ನ? ನಿಮ್ಮಜ್ಜಿ ತಂಗಿ ಹಂಗಽ ಅಲ್ಲೇನು. ಆಕಿ ಒಡಹುಟ್ಟಿದಾಕಿ ಅಲ್ಲ. ನಮ್ಮ ಮಾವನ, ಅಂದ್ರ ನಿಮ್ಮಜ್ಜಿ ಅಪ್ಪನ, ತಂಗಿ ಮಗಳು. ತಾಯಿ ಬಾಣಂತನದಾಗ ಸತ್ತಿದ್ಲು, ಕೂಸನ್ನ ತಂದು ಇಬ್ಬರನ್ನೂ ಕೂಡೇ ಬೆಳಸಿದ್ರು. ನಿಮ್ಮಜ್ಜಿ ಸಾಯೋತನಕ ತಂಗಿ ತಂಗಿ ಅಂತಿದ್ಲು."

"ಇದು ಯಾರಿಗೆ ಗೊತ್ತಿತ್ತು?" ಅಂದೆ.

"ಯಾರಿಗೇನ, ಮನಿ ಮಂದಿಗೆಲ್ಲ ಗೊತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ."

ಕುಷ್ಟಗಿಯಿಂದ ಯಲಬುರ್ಗಾ ಎಷ್ಟು ದೂರ? ಆ ದಿನ ಒಂದು ಬಸ್ಸು ಹತ್ತಿ ಬಂದು ಇದೇ ಕಟ್ಟೆಯ ಮೇಲೆ ಕುಳಿತು ಕೇಳಿದ್ದರೆ ಅಕ್ಕನಿಗೂ ಮಾಸ್ತರರಿಗೂ ಲಗ್ನದ ವರಸೆಯೇ ಇದೆಯೆಂದು ಅರ್ಧ ದಿನದಲ್ಲಿ ತಿಳಿಯುತ್ತಿತ್ತು. ಯಾರೂ ಬರಲಿಲ್ಲ, ಯಾಕೆಂದರೆ ಕೈಯಲ್ಲಿ ನೋಟುಬುಕ್ಕು ಹಿಡಿದ ಶ್ಯಾಣ್ಯಾ ಹುಡುಗ ಅಷ್ಟು ಗಟ್ಟಿಯಾಗಿ ಓದಿದ್ದ. ಅಜ್ಜಿ ಪ್ರೀತಿಯಿಂದ ತಂಗಿ ಅಂದದ್ದನ್ನು ನಾನು ಹಾಗೆಯೇ ಬರೆದುಕೊಂಡಿದ್ದೆ. ಅವಳನ್ನು ಹೆತ್ತವರು ಯಾರು ಅಂತ ಒಂದು ಸಲವೂ ಕೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನ ಒಂದು ಮಾತಿಗೆ ಅಕ್ಕನ ನಲವತ್ತು ವರ್ಷ ಹೋದವು. ತಿರುಗಿ ಬರುವಾಗ ಬಸ್ಸಿನಲ್ಲಿ ಮುಖಕ್ಕೆ ಟವೆಲ್ ಹಿಡಿದು ಅತ್ತೆ.

ಒಂಬತ್ತು ದಿನ ಹೇಳಲಿಲ್ಲ. ಹೇಳಿದರೆ ಅವಳಿಗೆ ಏನು ಸಿಗುತ್ತದೆ, ನನ್ನ ಭಾರ ಇಳಿಯುತ್ತದೆ ಅಷ್ಟೇ, ಅಂತ ನನ್ನೊಳಗೇ ವಾದ ಮಾಡಿದೆ. ಆದರೆ ಅವಳು ಪ್ರತಿದಿನ ಗೋಡೆಯ ಮುಂದೆ ನಿಂತು, "ಯಲಬುರ್ಗಾದಾಗ ಏನಂದ್ರು? ಆ ಸಾಕು ಮಗಳ ಪತ್ರಿಕಿ ಬರಿಲೇನು?" ಅಂತ ಕೇಳುತ್ತಿದ್ದಳು. ಹತ್ತನೆಯ ದಿನ ಬೆಳಿಗ್ಗೆ, ಅವಳು ಯಂತ್ರಕ್ಕೆ ದಾರ ಪೋಣಿಸುತ್ತಿದ್ದಾಗ, ಹೇಳಿಬಿಟ್ಟೆ. ವರಸೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕಾದಂಬರಿಗೆಂದು ಅವಳು ಬೆರಳು ಮಡಿಚಿ ಆಗಲೇ ಎಣಿಸಿ ಮುಗಿಸಿದ್ದಳು.

ಅವಳು ದಾರ ಬಿಟ್ಟಳು. ನಾನು ಜೀವಮಾನದ ಎರಡನೆಯ ಮೂರ್ಖ ಮಾತು ಆಡಿದೆ: "ಕಾದಂಬರ್ಯಾಗ ಅವರಿಬ್ಬರ ಲಗ್ನ ಮಾಡ್ತೀನಿ ಅಕ್ಕಾ, ಭಾಳ ಛಂದ ಮಾಡ್ತೀನಿ."

"ಕಾದಂಬರ್ಯಾಗ ಆದ್ರ ನನಗೇನ ಬಂತು?" ಅಂದಳು. ದನಿ ಏರಿಸಲಿಲ್ಲ. "ಅವತ್ತ ನನ್ನ ಸಲುವಾಗಿ ಯಲಬುರ್ಗಾಕ ಹೋಗಲಿಲ್ಲ ನೀ. ಇವತ್ತ ಕಥಿ ಸಲುವಾಗಿ ಹೋದಿ."

ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಕುಳಿತೆ. ಅವಳು ದಾರ ಮತ್ತೆ ಕೈಗೆತ್ತಿಕೊಂಡು, "ಅವರಿಗೆ ಗೊತ್ತೈತೇನು?" ಅಂತ ಕೇಳಿದಳು. ಇಲ್ಲ ಅಂದೆ. "ಹೇಳಬ್ಯಾಡ," ಅಂದಳು. ಆಮೇಲೆ ನನ್ನನ್ನಲ್ಲ, ಎದುರಿನ ಕಿಟಕಿಯನ್ನು ಕೇಳಿದಳು: "ಹಂಗಾದ್ರ ಇನ್ನ ನಾ ಅವರಿಗೆ ಏನಂತ ಕರೀಲಿ?"

ನಾಲ್ಕು ತಾಲೂಕಿನ ಮನೆತನಗಳ ವರಸೆ ಬಲ್ಲ ನಾನು ನೆಲದ ಮೇಲಿನ ಬಟ್ಟೆಯ ಚೂರುಗಳನ್ನು ಆರಿಸತೊಡಗಿದೆ.

ಕಾದಂಬರಿ ಅಲ್ಲಿಗೇ ನಿಂತಿತು. ಪತ್ರಿಕೆಗಳನ್ನು ಇಳಿಸಲೂ ಇಲ್ಲ, ಹೊಸದು ಬರೆಯಲೂ ಇಲ್ಲ. ಮಾಘದಲ್ಲಿ ಗಂಗಾವತಿಯ ಮಾಸ್ತರರ ಕಿರಿಯ ಮಗನ ಲಗ್ನ ಬಂತು. ಅಕ್ಕ ಬರುವುದಿಲ್ಲವೆಂದುಕೊಂಡಿದ್ದೆ. ಅವಳು ಇಳಕಲ್ ಸೀರೆ ಉಟ್ಟು, ಮದುಮಗನಿಗೆ ಆಯಾರ ಕಟ್ಟಿಕೊಂಡು, ನನಗಿಂತ ಮೊದಲು ಬಸ್ ಸ್ಟ್ಯಾಂಡಿಗೆ ಹೊರಟಳು.

ಗಂಗಾವತಿಯ ಕಲ್ಯಾಣ ಮಂಟಪದ ಬಾಗಿಲಲ್ಲೇ ಅವರು ನಿಂತಿದ್ದರು, ತಲೆ ಪೂರ್ತಿ ಬೆಳ್ಳಗಾಗಿದೆ, ಹೆಗಲ ಮೇಲೆ ಹೊಸ ಟವೆಲ್. ನಾನು ಅಕ್ಕನ ಒಂದು ಹೆಜ್ಜೆ ಹಿಂದಿದ್ದೆ.

"ಯಾವಾಗ ಬಂದಿ ತಂಗಿ?" ಅಂದರು ಅವರು.

ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಈಗ ಬಂದೆ ಅಣ್ಣಾ," ಅಂದಳು, ಮತ್ತು ಒಳಗೆ ಹೋಗಿ ಅವರ ಹೆಂಡತಿಯ ಪಕ್ಕ ಕುಳಿತಳು.